ಸ್ಥಳಾಂತರ ಕಾಲದಲ್ಲಿ ಗೃಹೋಪಕರಣಗಳ ಸುರಕ್ಷತೆ



ಮುಂಬಯಿ, ಪುಣೆ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ವರ್ಗಾವಣೆ ಹೊಸ ಸಂಗತಿಯೇನಲ್ಲ. ರೈಲ್ವೆ, ಬ್ಯಾಂಕು, ಅಂಚೆ ಇಲಾಖೆಗಳಲ್ಲಿ ದುಡಿಯುವವರು ನಾಲ್ಕಾರು ವರ್ಷಗಳಿಗೊಮ್ಮೆ ಗಂಟುಮೂಟೆ ಕಟ್ಟುವುದು ವಾಡಿಕೆ. ಹಿಂದೆ ಈ ಗಂಟುಮೂಟೆಯಲ್ಲಿ ಇರುತ್ತಿದ್ದುದು ಹಿತ್ತಾಳೆಯ ಪಾತ್ರೆ, ಹಾಸಿಗೆಯ ಸುರುಳಿ, ಕಬ್ಬಿಣದ ಟ್ರಂಕು. ಅವು ಬಿದ್ದರೆ ನೆಗ್ಗುತ್ತಿದ್ದವೇ ಹೊರತು ಕೆಡುತ್ತಿರಲಿಲ್ಲ. ಇಂದಿನ ಸಂಸಾರವಾದರೋ ರೆಫ್ರಿಜರೇಟರು, ಬಟ್ಟೆ ಒಗೆಯುವ ಯಂತ್ರ, ಗ್ರೈಂಡರು, ಟಿ.ವಿ., ಇನ್ವರ್ಟರುಗಳನ್ನು ಒಳಗೊಂಡಿದೆ. ಇವುಗಳಿಗೆ ಗೋಣಿಯನ್ನೂ ಹಳೆಯ ಕಂಬಳಿಯನ್ನೂ ಸುತ್ತಿದರೆ ಸಾಕೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಉಪಕರಣದೊಳಗೆ ನೀರು, ಆಮ್ಲ ಅಥವಾ ಸಡಿಲವಾಗಿ ಅಲುಗಾಡುವ ಭಾಗ ಉಳಿದಿದ್ದರೆ, ಹೊರಗಿನ ಹೊದಿಕೆ ಎಷ್ಟೇ ದಪ್ಪವಾಗಿದ್ದರೂ ಪ್ರಯೋಜನವಿಲ್ಲ. ಕಟ್ಟುವ ಕೆಲಸಕ್ಕಿಂತ ಮೊದಲು ಬರಿದು ಮಾಡುವ ಕೆಲಸ ನಡೆಯಬೇಕು.

ಮೊದಲನೆಯದಾಗಿ, ಸಾಮಾನಿನೊಡನೆ ಕೊಂಡೊಯ್ಯಲೇಬಾರದ ಒಂದು ವಸ್ತುವಿದೆ. ಅದು ಅಡುಗೆ ಅನಿಲದ ಸಿಲಿಂಡರು. 'ಅರ್ಧ ಅನಿಲ ಉಳಿದಿದೆ, ಹೊಸ ಊರಿನಲ್ಲಿ ಮೊದಲ ವಾರಕ್ಕೆ ಆದೀತು' ಎಂಬ ಮಿತವ್ಯಯ ಬುದ್ಧಿ ಇಲ್ಲಿ ಸಲ್ಲದು. ಮುಚ್ಚಿದ ಲಾರಿಯಲ್ಲಿ ಸೋರಿದ ಅನಿಲ ಗಾಳಿಗಿಂತ ಭಾರವಾದುದರಿಂದ ತಳದಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಒಂದು ಕಿಡಿ ಸಾಕು. ರೈಲಿನಲ್ಲಿ ಇಂತಹ ಅಪಾಯಕರ ವಸ್ತುವನ್ನು ಒಯ್ಯುವುದು 1989ರ ರೈಲ್ವೆ ಅಧಿನಿಯಮದ ಪ್ರಕಾರ ಶಿಕ್ಷಾರ್ಹ. ಬೇರೆ ಊರಿಗೆ ಹೋಗುವವರು ಸಿಲಿಂಡರನ್ನೂ ರೆಗ್ಯುಲೇಟರನ್ನೂ ವಿತರಕರಿಗೆ ಒಪ್ಪಿಸಿ, ಠೇವಣಿ ಹಣವನ್ನು ಮರಳಿ ಪಡೆದು, ಟರ್ಮಿನೇಷನ್ ವೋಚರನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ಹೊಸ ಊರಿನಲ್ಲಿ ಸಂಪರ್ಕ ಪಡೆಯಲು ಆ ಕಾಗದ ಬೇಕಾಗುತ್ತದೆ. ಒಲೆ ಮಾತ್ರ ಗ್ರಾಹಕರ ಸ್ವಂತದ್ದು. ಅದನ್ನು ತೊಳೆದು, ಬರ್ನರುಗಳನ್ನು ಬೇರ್ಪಡಿಸಿ ಒಯ್ಯಬಹುದು.

ಹೆಚ್ಚಿನ ಎಚ್ಚರಿಕೆ ಬೇಡುವುದು ರೆಫ್ರಿಜರೇಟರು. ಹೊರಡುವ ಹಿಂದಿನ ದಿನವೇ ವಿದ್ಯುತ್ ಸಂಪರ್ಕ ತೆಗೆದು, ಬರಿದು ಮಾಡಿ, ಬಾಗಿಲು ತೆರೆದಿಟ್ಟು ಮಂಜುಗಡ್ಡೆ ಪೂರ್ತಿ ಕರಗಲು ಬಿಡಬೇಕು. ಗಡ್ಡೆಯನ್ನು ಚಾಕುವಿನಿಂದ ಕೆತ್ತುವ ಆತುರ ಬೇಡ. ಅದರ ಹಿಂದೆಯೇ ಶೀತಕ ಹರಿಯುವ ತೆಳುವಾದ ಕೊಳವೆಗಳಿರುತ್ತವೆ. ಹಿಂಬದಿಯ ಚೀಟಿಯಲ್ಲಿ 'ಆರ್-600ಎ' ಎಂದಿದ್ದರೆ ಆ ಶೀತಕವು ಉರಿಯುವ ಗುಣವುಳ್ಳ ಐಸೋಬ್ಯೂಟೇನ್ ಎಂದು ತಿಳಿಯಬೇಕು. ಕೊಳವೆಗೆ ತೂತು ಬಿದ್ದರೆ ನಷ್ಟದ ಜೊತೆಗೆ ಅಪಾಯವೂ ಉಂಟು. ಬಾಗಿಲು ತೆರೆದು ಒಣಗಲು ಬಿಟ್ಟ ಖಾಲಿ ಪೆಟ್ಟಿಗೆಯ ಬಳಿ ಮಕ್ಕಳು ಕಣ್ಣಾಮುಚ್ಚಾಲೆಗೆ ಸುಳಿಯದಂತೆ ಹಿರಿಯರೊಬ್ಬರು ಗಮನವಿಡಲೇಬೇಕು. ಒಳಗೆ ಸೇರಿ ಬಾಗಿಲು ಮುಚ್ಚಿಕೊಂಡರೆ ಉಸಿರುಗಟ್ಟಲು ಹೆಚ್ಚು ಹೊತ್ತು ಬೇಡ. ಗಾಜಿನ ತಟ್ಟೆಗಳನ್ನು ತೆಗೆದು ಬೇರೆಯಾಗಿ ಸುತ್ತಿ, ಹಿಂಬದಿಯ ಅಥವಾ ತಳದ ನೀರಿನ ತಟ್ಟೆಯನ್ನು ಬರಿದು ಮಾಡಿದ ಮೇಲೆ ಬಾಗಿಲನ್ನು ಬಟ್ಟೆಯ ಪಟ್ಟಿಯಿಂದ ಕಟ್ಟುವುದು ಉಚಿತ. ಅಂಟುಪಟ್ಟಿ ಕೀಳುವಾಗ ಬಣ್ಣವೂ ಎದ್ದುಬರುತ್ತದೆ.

ಲಾರಿಯಲ್ಲಿ ಇದು ನೆಟ್ಟಗೆ ನಿಂತೇ ಹೋಗಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದುಹೋಗುತ್ತದೆ. ಆ ಸ್ಥಿತಿಯಲ್ಲಿ ಚಾಲನೆ ಮಾಡಿದರೆ ಕಂಪ್ರೆಸರು ಕೆಡುವ ಸಂಭವವಿದೆ. ಕೂಲಿಯವರು ಸ್ಥಳ ಉಳಿಸಲು ಮಲಗಿಸಲು ನೋಡುತ್ತಾರೆ. ಮನೆಯವರು ಸಂಕೋಚ ಬಿಟ್ಟು ತಡೆಯಬೇಕು.

ಮುಂಬಾಗಿಲಿನ ಬಟ್ಟೆ ಒಗೆಯುವ ಯಂತ್ರದ ಡ್ರಮ್ಮು ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ದಾರಿಯ ಕುಲುಕಾಟದಲ್ಲಿ ಅದು ಒಳಗೋಡೆಗೆ ಬಡಿಯದಂತೆ ಹಿಡಿದಿಡಲು ತಯಾರಕರು ಹಿಂಬದಿಯಲ್ಲಿ ಉದ್ದನೆಯ ಬೋಲ್ಟುಗಳನ್ನು ಹಾಕಿ ಕಳುಹಿಸಿರುತ್ತಾರೆ. ಯಂತ್ರ ಮನೆಗೆ ಬಂದ ದಿನ ತಂತ್ರಜ್ಞನು ಬಿಚ್ಚಿಕೊಟ್ಟ ಆ ಬೋಲ್ಟುಗಳು ಎಷ್ಟೋ ಮನೆಗಳಲ್ಲಿ ಅಂದೇ ಗುಜರಿ ಸೇರುತ್ತವೆ. ಅವನ್ನು ಹುಡುಕಿ, ಇಲ್ಲವಾದರೆ ಸೇವಾಕೇಂದ್ರದಿಂದ ತರಿಸಿ, ಮರಳಿ ಬಿಗಿಯತಕ್ಕದ್ದು. ಹೊಸ ಮನೆಯಲ್ಲಿ ಬಿಚ್ಚಲು ಮರೆತರೆ ಯಂತ್ರ ನೆಲದ ಮೇಲೆ ಕುಣಿಯತೊಡಗುತ್ತದೆ ಎಂಬುದೂ ನೆನಪಿರಲಿ. ಕೆಳಗಿನ ಫಿಲ್ಟರಿನಲ್ಲಿ ಉಳಿಯುವ ನೀರನ್ನು ಹರಿಯಬಿಡುವುದು ಅಗತ್ಯ.

ಗ್ರೈಂಡರಿನ ಗುಂಡುಕಲ್ಲನ್ನು ಪಾತ್ರೆಯಲ್ಲೇ ಬಿಟ್ಟರೆ ಅದು ಉರುಳಿ ಪಾತ್ರೆಯನ್ನೇ ಜಜ್ಜುತ್ತದೆ. ಬೇರೆ ಪೆಟ್ಟಿಗೆಯ ತಳದಲ್ಲಿ ಇಡಬೇಕು. ಮಿಕ್ಸಿಯ ಜಾರುಗಳೂ ಹಾಗೆಯೇ ಬೇರೆ. ಫ್ಯಾನುಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಂದು ಫ್ಯಾನಿನ ಮೂರು ರೆಕ್ಕೆಗಳ ತೂಕ ಪರಸ್ಪರ ಹೊಂದುವಂತೆ ಮಾಡಲಾಗಿರುತ್ತದೆ. ಎರಡು ಮೂರು ಫ್ಯಾನುಗಳ ರೆಕ್ಕೆಗಳು ಬೆರೆತರೆ ತೊನೆದಾಟ ತಪ್ಪದು. ಆದ್ದರಿಂದ ಪ್ರತಿಯೊಂದರ ರೆಕ್ಕೆಗಳನ್ನು ಗುರುತು ಹಾಕಿ ಒಟ್ಟಿಗೆ ಕಟ್ಟಬೇಕು. ಟಿ.ವಿ.ಯ ತೆಳು ಪರದೆಯನ್ನು ಮಲಗಿಸದೆ ನಿಲ್ಲಿಸಿಯೇ ಸಾಗಿಸಬೇಕು. ಇನ್ವರ್ಟರಿನ ಬ್ಯಾಟರಿಯಲ್ಲಿ ಗಂಧಕಾಮ್ಲವಿದ್ದರೆ ಅದನ್ನು ಓರೆಯಾಗಿಸದೆ, ತುದಿಗಳಿಗೆ ವಿದ್ಯುತ್ ನಿರೋಧಕ ಹೊದಿಕೆ ಹಾಕಿ, ಬಟ್ಟೆಬರೆಗಳಿಂದ ದೂರವಿಡತಕ್ಕದ್ದು.

ಕಾಗದಪತ್ರದ ಮಾತನ್ನೂ ಹೇಳಬೇಕು. ರಸ್ತೆ ಮೂಲಕ ಸಾಗಣೆ ಅಧಿನಿಯಮ, 2007ರಂತೆ ಸರಕನ್ನು ಒಪ್ಪಿಸುವವರು ಅದರ ಮೌಲ್ಯವನ್ನು ಘೋಷಿಸಬೇಕಾಗುತ್ತದೆ. ಹಾನಿಯಾದಾಗ ಸಾಗಣೆದಾರರ ಮೇಲೆ ದಾವೆ ಹೂಡಬೇಕಾದರೆ, ಸರಕು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಬೇಕು. ಅದಕ್ಕಾಗಿ ಉಪಕರಣಗಳ ಕ್ರಮಸಂಖ್ಯೆಯ ಪಟ್ಟಿಯನ್ನೂ ಛಾಯಾಚಿತ್ರಗಳನ್ನೂ ಲಾರಿ ಹೊರಡುವ ಮುನ್ನವೇ ಸಿದ್ಧಪಡಿಸಿಕೊಳ್ಳುವುದು ಲೇಸು. ಪೆಟ್ಟಿಗೆ ಬಿಚ್ಚಿದಾಗ ಏನಾದರೂ ಒಡೆದಿದ್ದರೆ ರಸೀದಿಯ ಮೇಲೆಯೇ ಬರೆದು ಸಹಿ ಮಾಡಿಸಬೇಕು.

ಹೊಸ ಊರನ್ನು ತಲುಪುವುದು ಬಹುಮಟ್ಟಿಗೆ ರಾತ್ರಿಯ ಹೊತ್ತು. ಮಗುವಿಗೆ ತಂದ ಹಾಲು ಕೆಟ್ಟೀತೆಂದು ರೆಫ್ರಿಜರೇಟರನ್ನು ಕೂಡಲೇ ಚಾಲೂ ಮಾಡಬೇಕೆನಿಸುವುದು ಸಹಜ. ಆದರೂ ಅದನ್ನು ಕೆಲವು ಗಂಟೆ ಸುಮ್ಮನೆ ನಿಲ್ಲಿಸಬೇಕು. ದಾರಿಯಲ್ಲಿ ಮಲಗಿಸಿದ್ದರೆ ಇಡೀ ಒಂದು ದಿನ. ಹಾಲನ್ನು ಆ ರಾತ್ರಿ ಕಾಯಿಸಿಟ್ಟರಾಯಿತು. ಮಳೆಯಲ್ಲಿ ನೆನೆದ ಉಪಕರಣವನ್ನು ಪೂರ್ತಿ ಒಣಗಿಸಿ, ಅನುಭವಿಗಳಿಗೆ ತೋರಿಸದೆ ಪ್ಲಗ್ಗಿಗೆ ಹಾಕಬಾರದು. ಮೂರು ಕಡ್ಡಿಯ ಪ್ಲಗ್ಗಿಗೆ ಸರಿಯಾದ ಭೂಸಂಪರ್ಕವಿದೆಯೇ ಎಂದು ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಿಕೊಳ್ಳಬೇಕು. ಹೊಸ ಸಿಲಿಂಡರು ಬಂದಾಗ ಐ.ಎಸ್.ಐ. ಗುರುತಿನ ಹೊಸ ಕೊಳವೆ ಜೋಡಿಸಿ, ಸೋರಿಕೆಯ ಪರೀಕ್ಷೆಗೆ ಸಾಬೂನಿನ ನೊರೆ ಸವರಿ ಗುಳ್ಳೆ ಏಳುವುದೇ ಎಂದು ನೋಡಬೇಕೇ ಹೊರತು ಬೆಂಕಿಕಡ್ಡಿ ಗೀರಬಾರದು.