ಆ ರಾತ್ರಿ ಓದಿದ ಕೇಸ್ ಶೀಟುಗಳು

ಇಂದು ಪದವಿ ಪಡೆಯುತ್ತಿರುವ ಸಿಸ್ಟರುಗಳೆ, ಅವರನ್ನು ಓದಲು ಕಳಿಸಿಕೊಟ್ಟ ಮಠಗಳ ಸುಪೀರಿಯರುಗಳೆ,

2000ದ ಅಕ್ಟೋಬರ್. ಉತ್ತರ ಉಗಾಂಡದ ಗುಲು ಪಟ್ಟಣದ ಬಳಿಯ ಲಾಕೋರ್ ಆಸ್ಪತ್ರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಒಬ್ಬರ ಹಿಂದೊಬ್ಬರು ಸಾಯತೊಡಗಿದರು. ಕಾರಣ ಯಾರಿಗೂ ಹೊಳೆಯಲಿಲ್ಲ. ಕಂಪಾಲದಲ್ಲಿ ಉನ್ನತ ವ್ಯಾಸಂಗಕ್ಕೆಂದು ಇದ್ದ ಆಸ್ಪತ್ರೆಯ ಮುಖ್ಯಸ್ಥ ಡಾ. ಮ್ಯಾಥ್ಯೂ ಲುಕ್ವಿಯ ಫೋನ್ ಬಂದ ದಿನವೇ ಹೊರಟು ಬಂದರು. ಆ ರಾತ್ರಿ ಅವರೂ ನರ್ಸುಗಳ ಮೇಲ್ವಿಚಾರಕಿಯಾಗಿದ್ದ ಸಿಸ್ಟರೂ ಕೂತು, ಈಚಿನ ದಿನಗಳಲ್ಲಿ ತೀರಿಕೊಂಡವರ ಕೇಸ್ ಶೀಟುಗಳನ್ನು ಒಂದೊಂದಾಗಿ ಓದಿದರು. 17 ಹಾಳೆಗಳಲ್ಲಿ ಹೆಚ್ಚುಕಡಿಮೆ ಒಂದೇ ಕಥೆ ಇತ್ತು. ಪ್ರಯೋಗಾಲಯದ ವರದಿಗೆ ಕಾಯದೆ ರೋಗಿಗಳನ್ನು ಬೇರೆ ವಾರ್ಡಿಗೆ ಸಾಗಿಸಿದರು.

ಅದು ಎಬೋಲಾ. ಆ ಸಲ 425 ಮಂದಿಗೆ ತಗುಲಿತು, 224 ಮಂದಿ ತೀರಿಕೊಂಡರು. ಡಿಸೆಂಬರ್ 5ರಂದು ಲುಕ್ವಿಯ ಅವರೂ ಹೋದರು. ಆಸ್ಪತ್ರೆಯ ನರ್ಸುಗಳಲ್ಲಿ ಹಲವರು ಅವರಿಗಿಂತ ಮೊದಲೇ ಹೋಗಿದ್ದರು.

ಆ 17 ಹಾಳೆಗಳಲ್ಲಿ ಜ್ವರ ಯಾವಾಗ ಬಂತು, ವಾಂತಿ ಎಷ್ಟು ಸಲ, ರಕ್ತ ಎಲ್ಲಿಂದ ಎಂದು ವಾರ್ಡಿನವರು ಬರೆಯದೆ ಬಿಟ್ಟಿದ್ದರೆ, ಆ ರಾತ್ರಿ ಓದಲು ಏನೂ ಇರುತ್ತಿರಲಿಲ್ಲ. ಡಿಜಿಟಲ್ ಆರೋಗ್ಯ ಎಂಬ ದೊಡ್ಡ ಹೆಸರಿನ ತಿರುಳೂ ಇದೇ: ರೋಗಿಯ ಬಗ್ಗೆ ಬರೆದದ್ದು ನಿಜವಾಗಿರಬೇಕು, ಬೇಕಾದ ಹೊತ್ತಿಗೆ ಸಿಗಬೇಕು.

ಇದಕ್ಕೆ ಅರಮನೆಯಂಥ ಆಸ್ಪತ್ರೆ ಬೇಕಿಲ್ಲ. 2001ರಲ್ಲಿ ಕೀನ್ಯಾದ ಮೊಸೊರಿಯಟ್ ಎಂಬ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟ್ ಹೋದಾಗಿನ ಆಸರೆಗೆ ಸೌರವಿದ್ಯುತ್ತು ಇಟ್ಟುಕೊಂಡು ರೋಗಿಗಳ ದಾಖಲೆ ಶುರುವಾಯಿತು. ಆ ಅನುಭವದ ಬೆನ್ನಲ್ಲೇ 2004ರಲ್ಲಿ ರೋಗಿಗಳ ದಾಖಲೆಯ ತಂತ್ರಾಂಶ ಓಪನ್‌ಎಂಆರ್‌ಎಸ್ ಹುಟ್ಟಿತು. ಅದನ್ನು ಆಧರಿಸಿದ ಬಾಹ್ಮ್ನಿ ಛತ್ತೀಸಗಢದ ಗನಿಯಾರಿಯ ಗ್ರಾಮೀಣ ಆಸ್ಪತ್ರೆಗಾಗಿ ರೂಪುಗೊಂಡಿತು. ಎರಡಕ್ಕೂ ಲೈಸೆನ್ಸ್ ಶುಲ್ಕವಿಲ್ಲ. ಕಾಡಂಚಿನ ಡಿಸ್ಪೆನ್ಸರಿಗಳಲ್ಲಿ ಇಂದಿಗೂ ಹರಿದ ರಿಜಿಸ್ಟರೇ ಗತಿಯಾಗಿದ್ದರೆ, ಕಾಸಿನ ಕೊರತೆಗಿಂತ ಕಲಿತವರ ಕೊರತೆಯೇ ಅದಕ್ಕೆ ದೊಡ್ಡ ಕಾರಣ.

ಕನ್ಯಾಸ್ತ್ರೀಯರಿಗೆ ಕಲಿಯುವುದಕ್ಕೇ ಅಡ್ಡಿಯಿದ್ದ ಕಾಲವೊಂದಿತ್ತು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದಾಗ, ವೈದ್ಯವೃತ್ತಿ ನಡೆಸಲು ಅವರಿಗೆ ಪೋಪರ ವಿಶೇಷ ಅನುಮತಿ ಬೇಕಾಯಿತು. ಕನ್ಯಾಸ್ತ್ರೀಯರು ವೈದ್ಯಕೀಯವನ್ನೂ ಸೂಲಗಿತ್ತಿ ವಿದ್ಯೆಯನ್ನೂ ಕಲಿಯಬೇಕೆಂದು ರೋಮ್ ಪ್ರೋತ್ಸಾಹಿಸಿದ್ದು 1936ರಲ್ಲಿ. ಇಂದಿನ ಭಾರತದ ಕ್ಯಾಥೊಲಿಕ್ ಆರೋಗ್ಯ ಸಂಘದ ಮೊದಲ ರೂಪವನ್ನು 1943ರಲ್ಲಿ ಕಟ್ಟಿದ ಆ ವೈದ್ಯೆ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲಿ, 1957ರಲ್ಲಿ.

ಈಗ ಬಾಗಿಲು ತೆರೆದಿದೆ. 1999ರಲ್ಲಿ ಹುಟ್ಟಿದ ಆಫ್ರಿಕನ್ ಸಿಸ್ಟರ್ಸ್ ಎಜುಕೇಶನ್ ಕೊಲ್ಯಾಬೊರೇಟಿವ್, ಹಿಲ್ಟನ್ ಪ್ರತಿಷ್ಠಾನದ ನೆರವಿನಿಂದ ಆಫ್ರಿಕಾದ ಸಿಸ್ಟರುಗಳಿಗೆ ಆಡಳಿತ, ಹಣಕಾಸಿನ ಜೊತೆಗೆ ಕಂಪ್ಯೂಟರನ್ನೂ ಕಲಿಸಿದೆ. ಕಲಿತವರು ತಮ್ಮ ಮಠಕ್ಕೆ ಮರಳಿ ಉಳಿದವರಿಗೆ ಕಲಿಸಬೇಕೆಂಬುದು ಅಲ್ಲಿನ ಪದ್ಧತಿ. ಅನುಕರಿಸಬೇಕಾದದ್ದು ಅದನ್ನೇ.

ಆದರೆ ತರಬೇತಿಯೆಂದರೆ ಕೀಬೋರ್ಡ್ ಪರಿಚಯ ಎಂದುಕೊಂಡರೆ ಕೆಲಸ ಕೆಟ್ಟಿತು. ಎಚ್‌ಐವಿ ಇರುವ ಹೆಣ್ಣುಮಗಳೊಬ್ಬಳು ಗಂಡನಿಗೂ ಹೇಳದ ಮಾತನ್ನು ಸಿಸ್ಟರಿಗೆ ಹೇಳುತ್ತಾಳೆ. ಆ ಮಾತು ಟ್ಯಾಬ್ಲೆಟ್ ಸೇರಿದ ಮೇಲೆ ಯಾರು ನೋಡಬಹುದು? ಪರದೆ ಸರತಿಯಲ್ಲಿ ನಿಂತವರ ಕಡೆಗೆ ತಿರುಗಿದೆಯೇ? ಪಾಸ್‌ವರ್ಡ್ ಗೋಡೆಯ ಮೇಲೆ ಅಂಟಿಸಿದೆಯೇ? ನೆರವು ಕೊಟ್ಟ ಸಂಸ್ಥೆ ಅಂಕಿ ಕೇಳಿದರೆ ಹೆಸರೂ ಹೋಗುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಅಧಿಕಾರ ಸಿಸ್ಟರುಗಳ ಕೈಯಲ್ಲೇ ಇರಬೇಕು. ಬೇರೆ ಯಾರೋ ತೀರ್ಮಾನಿಸಿದ್ದನ್ನು ಟೈಪ್ ಮಾಡಿಕೊಡುವುದಕ್ಕಾಗಿ ಇವರು ಇಷ್ಟು ಓದಲಿಲ್ಲ. ಹಳ್ಳಿಯ ಜನ ನಂಬಿರುವುದು ಸಾಫ್ಟ್‌ವೇರನ್ನಲ್ಲ, ಇವರನ್ನು.

ಕೊನೆಯದಾಗಿ ಒಂದು ಮಾತು, ಮುಂದಿನ ಸಾಲಿನಲ್ಲಿ ಕೂತಿರುವ ಸುಪೀರಿಯರುಗಳಿಗೆ. ದಾಖಲೆ ವ್ಯವಸ್ಥೆಯನ್ನು ಕಟ್ಟಿ ನೋಡಿಕೊಳ್ಳುವ ಸಿಸ್ಟರಿಗೆ ಮರುವರ್ಷವೇ ಇನ್ನೊಂದು ಊರಿನ ಶಾಲೆಗೆ ವರ್ಗವಾದರೆ ಕಂಪ್ಯೂಟರಿಗೆ ಬಟ್ಟೆ ಹೊದಿಸುತ್ತಾರೆ, ರಿಜಿಸ್ಟರು ಮತ್ತೆ ಹೊರಬರುತ್ತದೆ. ವಿಧೇಯತೆಯ ವ್ರತ ಹಿಡಿದವರು ಒಲ್ಲೆ ಎನ್ನಲಾರರು, ಆದ್ದರಿಂದ ಯೋಚಿಸಬೇಕಾದವರು ಕಳಿಸುವವರೇ. ಇಂದು ಪದವಿ ಪಡೆದವರನ್ನು ಕನಿಷ್ಠ ಮೂರು ವರ್ಷ ಅದೇ ಆಸ್ಪತ್ರೆಯಲ್ಲಿ ಇರಲು ಬಿಡಿ. ಕದಲಿಸಲೇಬೇಕಾದರೆ, ಅವರ ಪಕ್ಕದಲ್ಲಿ ಇನ್ನೊಬ್ಬರು ಕಲಿತು ಮುಗಿಸುವವರೆಗಾದರೂ ಕಾಯಿರಿ.