ಎದೆಯುರಿಯ ಮದ್ದೂ ಕೊಲೆಸ್ಟರಾಲಿನ ಗುಳಿಗೆಯೂ
(ಮಹಾಪೆಯಲ್ಲಿ ಹೋಟೆಲು ಕೆಲಸಗಾರರ ಮುಂದೆ ಮಾಡಿದ ಭಾಷಣ)



ಮಹಾಪೆಯ ಕಾರ್ಖಾನೆಗಳ ಪಾಳಿಗೆ ಸರಿಯಾಗಿ ಚಹಾ, ಇಡ್ಲಿ, ವಡೆ ಒದಗಿಸುವವರು ನಾವು. ನಮ್ಮ ಊಟಕ್ಕೆ ಮಾತ್ರ ಹೊತ್ತುಗೊತ್ತಿಲ್ಲ. ಗಿರಾಕಿಗಳೆಲ್ಲ ಎದ್ದ ಮೇಲೆ, ರಾತ್ರಿ ಹನ್ನೆರಡಕ್ಕೆ ಉಂಡು, ಕೈ ತೊಳೆದವರೇ ಒರಗುತ್ತೇವೆ. ಹುಳಿ ಮೇಲೆ ಬಂದು ಎದೆ ಉರಿಯದೆ ಇನ್ನೇನಾದೀತು? ಆಗ ಜೆಲುಸಿಲ್ಲೋ ಡೈಜೀನೋ ಕೈಗೆ ಬರುತ್ತದೆ. ಅದರಲ್ಲಿ ತಪ್ಪಿಲ್ಲ. (ಊಟದ ಹೊತ್ತನ್ನು ಕೇಳಿ ಪಡೆಯುವ ಮಾತು ಬೇರೆ ಇದೆ, ಅದನ್ನು ನಾವು ಬಿಟ್ಟಿಲ್ಲ.)

ಆದರೆ ನಮ್ಮಲ್ಲಿ ಹಲವರಿಗೆ ಡಾಕ್ಟರು ಕೊಲೆಸ್ಟರಾಲ್ ಇಳಿಸುವ ಗುಳಿಗೆಯನ್ನೂ ಬರೆದುಕೊಟ್ಟಿದ್ದಾರೆ. ಅದನ್ನೂ ಅದೇ ಗುಟುಕಿನಲ್ಲಿ ನುಂಗಿ ಮಲಗುತ್ತೇವೆ. ತೊಂದರೆ ಇರುವುದು ಇಲ್ಲಿಯೇ. ಆ ಮದ್ದಿನಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೈಡ್ರಾಕ್ಸೈಡುಗಳಿವೆ. ರೋಸುವಾಸ್ಟಾಟಿನ್ ಎಂಬ ಗುಳಿಗೆಯನ್ನು ಅದರ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಗುಳಿಗೆಯ ಅಂಶ ಸುಮಾರು ಅರ್ಧಕ್ಕೆ ಇಳಿದುಬಿಡುತ್ತದೆ. ಸೇರು ಅಕ್ಕಿಗೆ ಹಣ ಕೊಟ್ಟು ಅರೆಸೇರು ತಂದ ಹಾಗಾಯಿತು. ಮುಂದಿನ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಇಳಿದಿರದಿದ್ದರೆ, ಒಳಗಿನ ಸಂಗತಿ ತಿಳಿಯದ ಡಾಕ್ಟರು ಗುಳಿಗೆಯ ಬಲ ಹೆಚ್ಚಿಸಿಯಾರು.

ಉಪಾಯ ಸುಲಭ. ಗುಳಿಗೆ ಮೊದಲು, ಎರಡು ಗಂಟೆ ಕಳೆದ ಮೇಲೆ ಎದೆಯುರಿಯ ಮದ್ದು. ರೋಸುವಾಸ್ಟಾಟಿನ್ನನ್ನು ರಾತ್ರಿಯೇ ನುಂಗಬೇಕೆಂಬ ಕಟ್ಟಳೆಯೂ ಇಲ್ಲ. ಡಾಕ್ಟರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಾಯಿಸಿಕೊಂಡರೆ ರಾತ್ರಿಯ ಉರಿಗೂ ಅದಕ್ಕೂ ಗಂಟು ಬೀಳುವುದಿಲ್ಲ. ನಮ್ಮ ಗುಳಿಗೆ ಯಾವುದು ಎಂದು ತಿಳಿಯದಿದ್ದರೆ ಪಟ್ಟಿಯನ್ನು ಔಷಧದಂಗಡಿಯವರಿಗೆ ತೋರಿಸಿ ಕೇಳಬೇಕು, ನಾಚಿಕೆ ಬೇಡ.

ಅಟೋರ್ವಾಸ್ಟಾಟಿನ್ ನುಂಗುವವರಲ್ಲಿಯೂ ಮದ್ದಿನ ಅಂಶ ಮೂರನೆಯ ಒಂದು ಪಾಲಿನಷ್ಟು ಇಳಿಯುತ್ತದೆ, ಆದರೆ ಕೊಲೆಸ್ಟರಾಲ್ ಇಳಿಸುವ ಕೆಲಸ ಕೆಟ್ಟದ್ದು ಕಂಡಿಲ್ಲ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳಿಂದ ಈ ತಕರಾರು ಅಷ್ಟಾಗಿ ಇಲ್ಲ. ಹಾಗೆಂದು ಯಾರನ್ನೂ ಕೇಳದೆ ತಿಂಗಳುಗಟ್ಟಲೆ ನುಂಗುವುದು ಸರಿಯಲ್ಲ. ಈನೋದಲ್ಲಿ ಸೋಡಿಯಂ ಹೇರಳವಾಗಿದೆ, ಬಿ.ಪಿ. ಇದ್ದವರು ದೂರವಿಡುವುದು ಲೇಸು.

ಇನ್ನೊಂದು ಮಾತು. ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹರಿದು, ತಣ್ಣನೆಯ ಬೆವರು ಬಂದರೆ ಅದನ್ನು ಹುಳಿಯೆಂದು ತಿಳಿದು ಸೋಡ ಹುಡುಕುತ್ತ ಕೂರಬೇಡಿ. ಕೂಡಲೇ 108ಕ್ಕೆ ಫೋನು ಮಾಡಿ. ಮಾಲಕರ ನಿದ್ದೆ ಕೆಟ್ಟೀತೆಂದು ಬೆಳಗಿನ ತನಕ ಕಾಯಬೇಡಿ.