ಗುಂಡಿಗೆ ಇಳಿಯುವ ಮುನ್ನ

(ಬೆಂಗಳೂರು ಚಾಮರಾಜಪೇಟೆಯಲ್ಲಿ ಮಣ್ಣುಕೆಲಸದವರು ಹಾಗೂ ಬಡಾವಣೆಯ ನಿವಾಸಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಾವು ನಿಂತಿರುವ ಈ ನೆಲದ ಚರಿತ್ರೆಯಿಂದಲೇ ಮಾತು ಆರಂಭಿಸುತ್ತೇವೆ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ತರುವಾಯ ಬೆಳೆದವು. ಹೆಸರಘಟ್ಟದ ಕೊಳಾಯಿ ನೀರು ನಗರಕ್ಕೆ ಬಂದದ್ದು 1896ರಲ್ಲಿ, ಕಾವೇರಿ ನೀರು 1974ರಲ್ಲಿ. ಇವುಗಳ ನಡುವೆ ಒಳಚರಂಡಿ, ಟೆಲಿಫೋನು, ವಿದ್ಯುತ್ ಕೇಬಲ್ಲು, ಈಚೆಗೆ ಅನಿಲದ ಕೊಳವೆ, ಎಲ್ಲಕ್ಕೂ ಇದೇ ಬೀದಿಗಳ ಹೊಟ್ಟೆ ಸೀಳಿದ್ದಾಯಿತು. ಆದ್ದರಿಂದ ಇಲ್ಲಿ ಡಾಂಬರಿನ ಕೆಳಗಿರುವುದು ಅನೇಕ ಕಡೆ ಗಟ್ಟಿ ನೆಲವಲ್ಲ. ತೋಡಿ, ತುಂಬಿ, ಮತ್ತೆ ತೋಡಿದ ಸಡಿಲ ಮಣ್ಣು. ಅದರ ಪಕ್ಕದಲ್ಲಿ ಒಂದು ಹಳೆಯ ಕೊಳವೆ ಸೋರುತ್ತಿದ್ದರಂತೂ ಕೇಳುವುದೇ ಬೇಡ.

ನಮ್ಮ ಕೆಮ್ಮಣ್ಣಿಗೆ ಒಂದು ಗುಣವುಂಟು. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ನೋಡಿ ಮೇಸ್ತ್ರಿ "ಏನೂ ಆಗೋಲ್ಲ, ಇಳಿಯಪ್ಪಾ" ಎನ್ನುತ್ತಾನೆ. ಬೆಳಿಗ್ಗೆ ನಿಂತ ಗೋಡೆ ಮಧ್ಯಾಹ್ನ ಲಾರಿ ಹಾದಾಗ ಕುಸಿಯಬಹುದು. ರಾತ್ರಿ ಒಂದು ಮಳೆ ಬಿದ್ದರೆ ಬೆಳಗಾಗುವುದರೊಳಗೆ ಬಿರುಕು ಬಿಡಬಹುದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. 50 ಕಿಲೋ ಸಿಮೆಂಟ್ ಮೂಟೆಯ ಲೆಕ್ಕದಲ್ಲಿ 30 ಮೂಟೆಗಳು! ಎದೆಮಟ್ಟ ಹೂತವನ ತಲೆ ಹೊರಗಿದ್ದರೂ ಅವನಿಗೆ ಉಸಿರೆಳೆಯಲು ಆಗುವುದಿಲ್ಲ.

ನೀರಿನ ಅಪಾಯ ಬೇರೆ. 2022ರ ಮೇ ತಿಂಗಳಿನಲ್ಲಿ ಇದೇ ನಗರದ ಉಲ್ಲಾಳ ಉಪನಗರದಲ್ಲಿ ನೀರಿನ ಕೊಳವೆ ಹಾಕುತ್ತಿದ್ದ ಇಬ್ಬರು ವಲಸೆ ಕಾರ್ಮಿಕರು, ಜೋರು ಮಳೆಯ ನೀರು ನುಗ್ಗಿ, ಕೆಲಸದ ಜಾಗದಲ್ಲೇ ಪ್ರಾಣ ಬಿಟ್ಟರು. ಬಿಹಾರ, ಉತ್ತರ ಪ್ರದೇಶಗಳಿಂದ ಹೊಟ್ಟೆಪಾಡಿಗೆ ಬಂದವರು ಅವರು. ಇಂಥ ಸಾವನ್ನು ಹಣೆಬರಹವೆಂದು ಕರೆಯುವವರಿಗೆ ನಾವು ಕೇಳುವುದಿಷ್ಟೇ: ಹಣೆಬರಹ ಯಾವಾಗಲೂ ಗುಂಡಿಯ ಒಳಗಿದ್ದವನನ್ನೇ ಹುಡುಕಿಕೊಂಡು ಬರುವುದೇಕೆ? ದಡದಲ್ಲಿ ನಿಂತ ಕಂಟ್ರಾಕ್ಟರನನ್ನು ಅದು ಏಕೆ ಮುಟ್ಟುವುದಿಲ್ಲ?

ಉಪಾಯ ಹೊಸದೇನಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷಾ ನಿಯಮದಲ್ಲಿ ಬಹುಕಾಲದಿಂದ ಬರೆದಿದೆ. ಗುಂಡಿ 1.2 ಮೀಟರ್, ಎಂದರೆ ನಾಲ್ಕು ಅಡಿ ಆಳವಾದರೆ ಪ್ರತಿ 30 ಮೀಟರಿಗೆ ಒಂದು ಏಣಿ ಇರತಕ್ಕದ್ದು. ಅದು ದಡದಿಂದ 90 ಸೆಂಟಿಮೀಟರ್ ಮೇಲಕ್ಕೆ ಚಾಚಿರತಕ್ಕದ್ದು. 1.5 ಮೀಟರ್ ಆದರೆ ಪಕ್ಕಗಳನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಹಲಗೆ ಕೊಟ್ಟು ಅಡ್ಡಮರ ಬಿಗಿಯಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್, ಅಥವಾ ಗುಂಡಿಯ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಬುಡ ಕೊರೆಯುವುದನ್ನಂತೂ ಯಾವ ಕಾರಣಕ್ಕೂ ಮಾಡಕೂಡದು.

ಇದು ಗೊತ್ತಿದ್ದೂ ಏಕೆ ನಡೆಯುವುದಿಲ್ಲ? ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ಇಳಿಜಾರು ಕಡಿಯಲು ಜಾಗವಿಲ್ಲ. ಆದ್ದರಿಂದ ಹಲಗೆಯೇ ಗತಿ. ಹಲಗೆಗೆ ದುಡ್ಡು ಬೇಕು, ಕಟ್ಟಲು ಹೊತ್ತು ಬೇಕು. ಅತಿ ಕಡಿಮೆ ದರ ಕೂಗಿದವನಿಗೆ ಕೆಲಸ, ಅವನಿಂದ ತುಂಡು ಗುತ್ತಿಗೆ, ಅವನಿಂದ ಮೇಸ್ತ್ರಿ. ಹೀಗೆ ಕೈಯಿಂದ ಕೈಗೆ ಇಳಿಯುತ್ತಾ ಬರುವಾಗ ಮೊದಲು ಮಾಯವಾಗುವುದು ಹಲಗೆಯ ದುಡ್ಡು. ಆದಕಾರಣ ಹಲಗೆ, ಅಡ್ಡಮರ, ನೀರೆತ್ತುವ ಪಂಪುಗಳ ಖರ್ಚನ್ನು ಟೆಂಡರಿನಲ್ಲಿ ಬೇರೆಯಾಗಿಯೇ ಬರೆಯಬೇಕು, ಅದನ್ನು ಹಾಕದ ದಿನ ಬಿಲ್ಲು ತಡೆಯಬೇಕು ಎಂಬುದು ನಮ್ಮ ಬೇಡಿಕೆ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. 1996ರಲ್ಲಿ ಕಟ್ಟಡ ಕಾರ್ಮಿಕರ ಕಾನೂನು ಬಂತು. ಈಗ ಅದರ ಸ್ಥಾನಕ್ಕೆ 2020ರ ಸಂಹಿತೆ ಬಂದಿದೆ. ಜೀವಕ್ಕೆ ಅಪಾಯವಿದೆ ಎನಿಸಿದರೆ ಕೆಲಸಗಾರ ಮಾಲೀಕನಿಗೂ ಇನ್ಸ್‌ಪೆಕ್ಟರಿಗೂ ತಿಳಿಸಬಹುದು ಎಂದು ಅದರಲ್ಲಿದೆ. ಆದರೆ ಅಪಾಯ ಹೌದೆಂದು ಮೊದಲು ಒಪ್ಪಬೇಕಾದವನು ಮಾಲೀಕ! ಅವನು ಒಪ್ಪದಿದ್ದರೆ ಇನ್ಸ್‌ಪೆಕ್ಟರ್ ತೀರ್ಮಾನಿಸಬೇಕು. ಅಷ್ಟರಲ್ಲಿ ಮಣ್ಣು ಕಾಯುವುದೇ? ಒಬ್ಬನೇ ಒಲ್ಲೆ ಎಂದರೆ ನಾಳೆ ಅವನಿಗೆ ಕೂಲಿಯಿಲ್ಲ. ಹತ್ತು ಜನ ಒಟ್ಟಿಗೆ ಗುದ್ದಲಿ ಕೆಳಗಿಟ್ಟರೆ ಮಧ್ಯಾಹ್ನದೊಳಗೆ ಹಲಗೆ ಬರುತ್ತದೆ. ಸಂಘ ಬೇಕೆನ್ನುವುದು ಇದಕ್ಕಾಗಿಯೇ.

ಬಡಾವಣೆಯವರಿಗೂ ಒಂದು ಮಾತು. ರಸ್ತೆ ಬೇಗ ಮುಚ್ಚಿರೆಂದು ಮಾತ್ರ ದೂರು ಕೊಡಬೇಡಿ. ಆಳದ ಗುಂಡಿಯಲ್ಲಿ ಹಲಗೆಯಿಲ್ಲದೆ ಜನ ಇಳಿದಿದ್ದರೆ ಅದಕ್ಕೂ ದೂರು ಕೊಡಿ. ಅಂಚಿನಲ್ಲಿ ಕಾರು ನಿಲ್ಲಿಸಬೇಡಿ. ಕುಸಿತವಾದರೆ ಒಳಗೆ ಹಾರಬೇಡಿ. ಕಾಪಾಡಲು ಇಳಿದವನ ಮೇಲೂ ಉಳಿದ ಗೋಡೆ ಬೀಳುತ್ತದೆ. ಜೆಸಿಬಿಯಿಂದ ತೋಡಿಸಬೇಡಿ, ಅದರ ಹಲ್ಲು ಮಣ್ಣಿಗೂ ಮನುಷ್ಯನಿಗೂ ಭೇದ ಎಣಿಸದು. ಉಳಿದವರನ್ನು ದೂರ ಸರಿಸಿ, ವಾಹನ ನಿಲ್ಲಿಸಿ, 112ಕ್ಕೆ ಕರೆ ಮಾಡಿ.

ನಿಮ್ಮ ಮನೆಯ ನಲ್ಲಿಗೆ ನೀರು ತರುವವನು ಸಂಜೆ ತನ್ನ ಮನೆಗೆ ನಡೆದು ಹೋಗಬೇಕು. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವವರು, ಇಳಿಯುವ ಮುಂಚೆ, ಎಲ್ಲರೂ ಒಂದೇ ದನಿಯಲ್ಲಿ ಕೇಳಿ: ಹಲಗೆ ಎಲ್ಲಿ? ಏಣಿ ಎಲ್ಲಿ?